ಇಂದಿನ ಧಮ್ಮ ಚಿಂತನೆ: ಸೊನ್ನೆ ಎಲ್ಲಿಡುವುದು?



ಒಂಬತ್ತನೇ ಕ್ಲಾಸಿನ ಮಗಳು ನಿನ್ನೆ ವಿಜ್ಞಾನದ 'ಚಲನೆ' ಪಾಠ ಓದುತ್ತಿದ್ದಳು. ಒಂದು ವಸ್ತು ಎಲ್ಲಿದೆ ಎಂದು ಹೇಳಬೇಕಾದರೆ ಮೊದಲು ಒಂದು ಮೂಲಬಿಂದು ಗೊತ್ತುಮಾಡಿಕೊಳ್ಳಬೇಕು. ಅದಿಲ್ಲದೆ 'ಇಲ್ಲಿ', 'ಅಲ್ಲಿ', 'ಹತ್ತಿರ', 'ದೂರ' ಯಾವುದಕ್ಕೂ ಅರ್ಥವಿಲ್ಲ. ಆ ಬಿಂದುವನ್ನು ಎಲ್ಲಿ ಬೇಕಾದರೂ ಇಡಬಹುದು, ಅದು ಅಳೆಯುವವರ ಅನುಕೂಲ.

ಅವಳು ನಮ್ಮೂರಿನದೇ ನಕ್ಷೆ ಬರೆದಳು. ಊರ ಅರಳಿಕಟ್ಟೆಗೆ ಸೊನ್ನೆ. ಅಲ್ಲಿಂದ ದಕ್ಷಿಣಕ್ಕೆ 400 ಮೀಟರ್, ನಮ್ಮ ಕೇರಿ. ನನಗೆ ಒಂಥರಾ ಆಯಿತು. ನಮ್ಮ ಅಜ್ಜಂದಿರೂ ತಮ್ಮ ಮನೆ 'ಊರ ಹೊರಗೆ' ಅಂತಲೇ ಹೇಳುತ್ತಿದ್ದರಲ್ಲ!

"ಸೊನ್ನೆಯನ್ನು ನಮ್ಮ ವಿಹಾರದ ಬಾಗಿಲಿಗೆ ಇಡವ್ವಾ" ಎಂದೆ. ಇಟ್ಟಳು. ಈಗ ಹೊರಗೆ ಹೋದದ್ದು ಊರು! ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ. ಅವಳು ಮಾತ್ರ ತಲೆ ಎತ್ತದೆ, "ದಕ್ಷಿಣ ಹೋಗಿ ಉತ್ತರ ಆಯ್ತಪ್ಪ. 400 ಹಾಗೇ ಇದೆ" ಎಂದಳು.

1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು ನಮ್ಮ ಸೊನ್ನೆಯ ಜಾಗ ಬದಲಿಸಿದರು. ಸಣ್ಣ ಮಾತಲ್ಲ ಅದು. ಇನ್ನೊಬ್ಬರ ಕಟ್ಟೆಯಿಂದ ನಮ್ಮನ್ನು ನಾವು ಅಳೆದುಕೊಳ್ಳುವುದು ಅಂದಿಗೆ ನಿಂತಿತು. ಆದರೆ ನಡುವಿನ ದೂರ ಕಡಿಮೆಯಾಗಬೇಕಾದರೆ ಯಾರಾದರೂ ನಡೆಯಲೇಬೇಕು. ಯಾರು? ಇವರು ಅವರತ್ತ ನಡೆದರೂ, ಅವರು ಇವರತ್ತ ನಡೆದರೂ ಭೌತಶಾಸ್ತ್ರದ ಲೆಕ್ಕಕ್ಕೆ ಅಂತರ ಒಂದೇ. ಬದುಕಿನಲ್ಲಿ ಒಂದೇ ಅಲ್ಲ. 1927ರ ಮಾರ್ಚ್ 20ರಂದು ಮಹಾಡಿನಲ್ಲಿ ನಮ್ಮವರು ಚವದಾರ್ ಕೆರೆಯವರೆಗೆ ನಡೆದುಹೋಗಿ ನೀರು ಕುಡಿದರು. ಆಮೇಲೆ ಸವರ್ಣೀಯರು ಆ ಕೆರೆಯನ್ನು 'ಶುದ್ಧಿ' ಮಾಡಿಸಿದರು. ನಾವು ಮುಂದೆ ಇಟ್ಟಷ್ಟೂ ಹೆಜ್ಜೆ ಅವರು ಹಿಂದೆ ಸರಿದರು.

ಹಾಗಾಗಿ, ಮೈತ್ರಿ ಎಂದರೆ ಯಾವಾಗಲೂ ನಾವೇ ನಡೆಯುತ್ತಿರುವುದು ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಆ 400 ಮೀಟರ್ ಅವರು ನಡೆಯಬೇಕಾದದ್ದು.

ಆದರೆ ಇನ್ನೊಂದು ದೂರವಿದೆ. ಎಡ-ಬಲ ಎಂದು ನಮ್ಮೊಳಗೇ ಇರುವುದು. ಅಲ್ಲಿ ಸೊನ್ನೆ ಇಟ್ಟುಕೊಂಡು ಕೂತವರು ನಾವೇ. ಹುಣ್ಣಿಮೆಯ ವಂದನೆಗೆ ಕರೆಯಲು ಆಚೆ ಬೀದಿಯ ಮನೆಗಳಿಗೆ ನಾನು ಈವರೆಗೂ ಹೋಗಿಲ್ಲ. ವಿಹಾರದ ಬಾಗಿಲಿನಿಂದ ಅದು ನೂರು ಮೀಟರೂ ಇಲ್ಲ.

ಭವತು ಸಬ್ಬ ಮಂಗಲಂ.