ಕನ್ಯಾಜನನ ಏನನ್ನು ಹೇಳುತ್ತದೆ

ಬೆಂಗಳೂರಿನ ಶಿವಾಜಿನಗರದ ಸಂತ ಮರಿಯಮ್ಮನವರ ಬೆಸಿಲಿಕಾದಲ್ಲಿ ಪ್ರತಿವರ್ಷ ಸೆಪ್ಟೆಂಬರ್ 8ರಂದು ತೇರಿನ ಮೆರವಣಿಗೆಯೊಂದಿಗೆ ನಡೆಯುವ ಹಬ್ಬ ಮರಿಯಳ ಸ್ವಂತ ಹುಟ್ಟುಹಬ್ಬವೇ ಹೊರತು ಕನ್ಯಾಜನನದ ಹಬ್ಬವಲ್ಲ. ಪರಂಪರೆಯ ಪ್ರಕಾರ ಆಕೆ ಜೋಕಿಮ ಮತ್ತು ಅನ್ನಮ್ಮ ದಂಪತಿಗೆ ಎಲ್ಲ ಮಕ್ಕಳಂತೆಯೇ ಹುಟ್ಟಿದವಳು. ಆಕೆ ಗರ್ಭದಲ್ಲಿ ರೂಪುಗೊಂಡ ಕ್ಷಣದಿಂದಲೇ ಜನ್ಮಪಾಪ ಸೋಕದವಳೆಂಬ, ಪೋಪ್ ಒಂಬತ್ತನೆಯ ಪಯಸ್ 1854ರಲ್ಲಿ ಘೋಷಿಸಿದ ‘ಅಮಲೋದ್ಭವ’ ತತ್ತ್ವವೂ ಬೇರೆಯೇ. ಕನ್ಯಾಜನನವೆಂದರೆ ಯೇಸು ಪುರುಷ ಸಂಪರ್ಕವಿಲ್ಲದೆ, ಪವಿತ್ರಾತ್ಮನ ಶಕ್ತಿಯಿಂದ ಮರಿಯಳ ಗರ್ಭದಲ್ಲಿ ಮನುಷ್ಯನಾದನೆಂಬ ನಂಬಿಕೆ. ಅದಕ್ಕೆ ಆಧಾರ ಮತ್ತಾಯ ಮತ್ತು ಲೂಕರ ಸುವಾರ್ತೆಗಳು. ಮಾರ್ಕನು ಯೇಸುವಿನ ಜನನದ ಕಥೆಯನ್ನೇ ಹೇಳುವುದಿಲ್ಲ.

ಯೇಸು ದೇವರ ಮಗನೆಂಬುದಕ್ಕೆ ಈ ಜನನವೇ ಪುರಾವೆಯೆಂದು ಭಾವಿಸುವವರುಂಟು. ಆದರೆ ಅದೇ ಶಿವಾಜಿನಗರದ ಮಸೀದಿಗಳಲ್ಲಿ ಓದಲಾಗುವ ಕುರಾನಿನ 19ನೆಯ ಅಧ್ಯಾಯಕ್ಕೆ ಮರ್ಯಮಳ ಹೆಸರೇ ಇದ್ದು, ಆಕೆ ಕನ್ಯೆಯಾಗಿಯೇ ತಾಯಿಯಾದಳೆಂದು ಒಪ್ಪುವ ಆ ಗ್ರಂಥ ಈಸಾನನ್ನು, ಎಂದರೆ ಯೇಸುವನ್ನು, ದೇವರ ಮಗನೆಂದು ಒಪ್ಪದೆ ಪ್ರವಾದಿಯೆಂದು ಕರೆಯುವುದರಿಂದ, ಈ ಪುರಾವೆಯ ವಾದ ನಿಲ್ಲುವುದಿಲ್ಲ. ಕನ್ನಡದ ಓದುಗರಿಗೆ ಕುಂತಿ ನೆನಪಾಗುವುದು ಸಹಜವಾದರೂ, ಆಕೆ ಮಂತ್ರಬಲದಿಂದ ಸೂರ್ಯನನ್ನು ಕರೆದು ಅವನಿಂದ ಕರ್ಣನನ್ನು ಪಡೆದವಳು. ಲೂಕನ ಕಥನದಲ್ಲಿ ದೇವರು ಗಂಡಿನ ಸ್ಥಾನದಲ್ಲಿ ಬರುವುದಿಲ್ಲ, ಅಲ್ಲಿ ನಡೆಯುವುದು ಹೊಸ ಸೃಷ್ಟಿ.

ಕನ್ಯಾಜನನದ ಅರ್ಥ ಹಳೆಯ ಒಡಂಬಡಿಕೆಯಲ್ಲಿ, ಎಂದರೆ ಯೆಹೂದ್ಯರ ಧರ್ಮಗ್ರಂಥದಲ್ಲಿ, ಮೊದಲೇ ಸಿದ್ಧವಾಗಿತ್ತು. ಮುಪ್ಪಿನಲ್ಲಿ ಇಸಾಕನನ್ನು ಹೆತ್ತ ಸಾರಳು, ಅತ್ತು ಬೇಡಿ ಸಮುವೇಲನನ್ನು ಪಡೆದ ಹನ್ನಳು ಬಂಜೆಯರೆನಿಸಿಕೊಂಡಿದ್ದವರು. ಅವರ ಮಕ್ಕಳು ಬಂದದ್ದು ವರವಾಗಿ. ಅವರಿಗಾದರೂ ಗಂಡಂದಿರ ಸಹವಾಸವಿತ್ತು. ಮರಿಯಳಲ್ಲಿ ಅದೂ ಇಲ್ಲದೆ, ರಕ್ಷಣೆ ಮನುಷ್ಯನ ಗಳಿಕೆಯಲ್ಲ, ದೇವರು ತಾನಾಗಿ ಕೊಟ್ಟದ್ದು ಎಂಬ ಮಾತು ತನ್ನ ತುದಿಯನ್ನು ಮುಟ್ಟುತ್ತದೆ. ಹಾಗೆಂದು ಆಕೆ ಕೇವಲ ಪಾತ್ರೆಯಲ್ಲ: ಲೂಕನ ಕಥನದಲ್ಲಿ ಈ ಸುದ್ದಿ ತಂದ ದೇವದೂತನನ್ನು ಪ್ರಶ್ನಿಸಿ, ಉತ್ತರ ಕೇಳಿ, ಅನಂತರವೇ ಒಪ್ಪುತ್ತಾಳೆ. ಈ ಒಪ್ಪಿಗೆಗೆ ಸಲ್ಲಬೇಕಾದ ಗಮನವನ್ನು ಗರ್ಭದ ಪವಾಡದ ಕುರಿತ ಚರ್ಚೆ ನುಂಗಿಹಾಕಿದೆ.

431ರ ಎಫೆಸ ಮಹಾಸಭೆ ಮರಿಯಳನ್ನು ‘ದೇವಮಾತೆ’ ಎಂದು ಒಪ್ಪಿದ್ದು ಕೂಡ ಮುಖ್ಯವಾಗಿ ಮಗನ ಕುರಿತ ತೀರ್ಮಾನ: ದೇವರೂ ಮನುಷ್ಯನೂ ಆದ ಯೇಸು ಇಬ್ಬರಲ್ಲ, ಒಬ್ಬನೇ. ದಾಂಪತ್ಯ ಅಶುದ್ಧವೆಂದು ಕನ್ಯಾಜನನದ ತತ್ತ್ವದಿಂದ ಅರ್ಥ ತೆಗೆದವರು ಸುವಾರ್ತೆಯಲ್ಲಿಲ್ಲದ್ದನ್ನು ಅದಕ್ಕೆ ಸೇರಿಸಿದರು. ಮರಿಯಳು ಜೀವನವಿಡೀ ಕನ್ಯೆಯಾಗಿ ಉಳಿದಳೆಂಬ ಕಥೋಲಿಕರ ಬೋಧನೆಯನ್ನು ಪ್ರೊಟೆಸ್ಟೆಂಟರಲ್ಲಿ ಹಲವರು ಒಪ್ಪುವುದಿಲ್ಲ. ಆದರೆ ಯೇಸು ಕನ್ಯೆಯಲ್ಲಿ ಹುಟ್ಟಿದನೆಂಬ ವಾಕ್ಯ ಶಿವಾಜಿನಗರದ ಬೆಸಿಲಿಕಾಕ್ಕೂ ಮಹಾತ್ಮ ಗಾಂಧಿ ರಸ್ತೆಯಲ್ಲಿರುವ ಪ್ರೊಟೆಸ್ಟೆಂಟ್ ಸಿ.ಎಸ್.ಐ. (ದಕ್ಷಿಣ ಭಾರತ) ಸಭೆಯ ಸಂತ ಮಾರ್ಕರ ಕೆಥೆಡ್ರಲ್‌ಗೂ ಸಮಾನವಾದ ವಿಶ್ವಾಸಪ್ರಮಾಣದಲ್ಲಿದೆ.