ಓದಿದವರೇ ಆಳಬೇಕೆ?

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ, ಈ ನಾಲ್ಕು ತಾಲ್ಲೂಕುಗಳು ಸೇರಿದರೆ ಮಧುಗಿರಿ ಶೈಕ್ಷಣಿಕ ಜಿಲ್ಲೆ. ನನ್ನ ಉಪಾಧ್ಯಾಯ ವೃತ್ತಿಯೆಲ್ಲ ಇದರೊಳಗೇ ಕಳೆದಿದೆ. ನನ್ನ ಕೈಕೆಳಗೆ ಓದಿ ಮುಂದೆ ಬಂದವರು ಎದುರಾದಾಗ ಹೆಮ್ಮೆಯಾಗುತ್ತದೆ. ಆದರೆ ನನ್ನನ್ನು ನಿಲ್ಲಿಸಿ ಯೋಚಿಸುವಂತೆ ಮಾಡಿದವಳು ಓದು ಬಿಟ್ಟ ಒಬ್ಬ ಹುಡುಗಿ.

ನನ್ನ ತಂಗಿಯ ಮಗಳು ತುಮಕೂರು ವಿಶ್ವವಿದ್ಯಾನಿಲಯದಲ್ಲಿ ರಾಜ್ಯಶಾಸ್ತ್ರದಲ್ಲಿ ಎಂ.ಎ. ಓದುತ್ತಿದ್ದಳು. ಸಾರ್ವಜನಿಕ ಕೆಲಸಕ್ಕೆ ಇಳಿಯಬೇಕೆಂಬುದು ಅವಳ ಆಸೆ. ರಜೆಗೆ ನಮ್ಮ ಮನೆಗೆ ಬಂದಿದ್ದಾಗ ಒಂದು ಸಂಜೆ ಮಾತಿಗೆ ಮಾತು ಬೆಳೆಯಿತು.

"ದೊಡ್ಡಮ್ಮ, ಜವಾನನ ಕೆಲಸಕ್ಕೂ ಓದು ಕೇಳುತ್ತಾರೆ. ಪಂಚಾಯ್ತಿ ಅಧ್ಯಕ್ಷರಿಗೆ ಬೇಡವೆ?" ಎಂದಳು. ಹರಿಯಾಣದಲ್ಲಿ 2015ರಲ್ಲಿ ಅಂಥ ಕಾನೂನು ಬಂತಂತೆ. ಸಾಮಾನ್ಯ ವರ್ಗದ ಗಂಡಸರು ಹತ್ತನೆಯ ತರಗತಿ, ಹೆಂಗಸರು ಎಂಟನೆಯ ತರಗತಿ ಮುಗಿಸಿರಬೇಕು. ಅದೇ ವರ್ಷ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನು ಎತ್ತಿಹಿಡಿಯಿತು. ನಾನೂ ಹೌದೆಂದು ತಲೆಯಾಡಿಸಿದೆ. ಮೂವತ್ತು ವರ್ಷ ಪಾಠ ಹೇಳಿದವಳು ಓದೇ ದೊಡ್ಡದೆನ್ನದೆ ಇನ್ನೇನನ್ನಲಿ?

ಅದೇ ವಾರ ಪಾವಗಡದ ಕಡೆಯ ಒಬ್ಬ ಹೆಂಗಸು ಬಾಗಿಲಿಗೆ ಬಂದಳು. 2020ರ ಡಿಸೆಂಬರ್ ಚುನಾವಣೆಯಲ್ಲಿ ಮಹಿಳಾ ಮೀಸಲು ಸ್ಥಾನದಿಂದ ಗೆದ್ದು ಅಧ್ಯಕ್ಷೆಯಾಗಿದ್ದವಳು. ಮೊದಲು ಗುರುತು ಸಿಗಲಿಲ್ಲ. "ಮೇಡಂ, ನಾನು ನಿಮ್ ಸ್ಟೂಡೆಂಟೇ" ಎಂದಾಗ ನೆನಪಾಯಿತು. ಮನೆಮಾತು ತೆಲುಗು. ನೀರು ಹೊರುವುದು, ತಮ್ಮಂದಿರನ್ನು ನೋಡಿಕೊಳ್ಳುವುದು ಎಂದು ವಾರಗಟ್ಟಲೆ ಬರುತ್ತಿರಲಿಲ್ಲ. ಎಂಟನೆಯ ತರಗತಿಯ ನಡುವೆ ಬರುವುದೇ ನಿಂತಿತು. ಒಂದು ದಿನವೂ ಅವಳ ಮನೆಗೆ ಹೋಗಿ ವಿಚಾರಿಸದೆ ಹಾಜರಿ ಪುಸ್ತಕದಲ್ಲಿ ಅವಳ ಹೆಸರಿನ ಮೇಲೆ ಕೆಂಪು ಗೆರೆ ಎಳೆದವಳು ನಾನೇ.

ಅವಳ ಕೈಯಲ್ಲಿ ಪಂಚಾಯ್ತಿಯ ಕ್ರಿಯಾ ಯೋಜನೆಯ ಪ್ರತಿ ಇತ್ತು. "ಇದನ್ನ ಒಂದ್ಸಲ ಪೂರ್ತಿ ಓದಿ ಹೇಳಿ ಮೇಡಂ. ಸೈನ್ ಹಾಕು ಅಂತಾರೆ. ತಿಳೀದೆ ಹಾಕಲ್ಲ ಅಂದಿದೀನಿ" ಎಂದಳು. ಶುದ್ಧ ನೀರಿನ ಘಟಕ ತಮ್ಮ ಕಾಲೋನಿಗೆ ಬಂದಿದೆಯೋ ಇಲ್ಲವೋ ಎಂಬುದು ಅವಳಿಗೆ ತಿಳಿಯಬೇಕಿತ್ತು. ನಮ್ಮ ಹುಡುಗಿ ಸಾಲು ಸಾಲಾಗಿ ಓದಿ ಹೇಳಿದಳು. ಕಾಲೋನಿಯ ಹೆಸರೇ ಇರಲಿಲ್ಲ.

ಹೊರಡುವಾಗ ಅವಳು ಕೇಳಿದಳು: "ಓದಿರೋರು ಬರ್ಲಿ ಅಂತ ಬಿಟ್ಕೊಡು ಅಂತಾರೆ ಮೇಡಂ. ಕೊಡ್ಲಾ?"

ಉತ್ತರ ಹೇಳಲು ನನಗೆ ನಾಲಿಗೆ ಬರಲಿಲ್ಲ.

ಪಾವಗಡದ ನೀರಿನಲ್ಲಿ ಫ್ಲೋರೈಡ್ ಇದೆಯೆಂದು ನಾನು ಪುಸ್ತಕದಲ್ಲಿ ಓದಿ ಮಕ್ಕಳಿಗೆ ಹೇಳಿದ್ದೇನೆ. ಅವಳು ಆ ನೀರನ್ನು ಹೊತ್ತವಳು, ಕುಡಿದವಳು. ಹಾಗೆಂದು ಓದು ಬೇಡವೆಂದರೆ ಅದೂ ಸುಳ್ಳು. ಓದಲು ಬಾರದ ಎಷ್ಟೋ ಸದಸ್ಯೆಯರ ಹೆಸರಿನಲ್ಲಿ ಗಂಡಂದಿರೇ ಆಡಳಿತ ನಡೆಸುವುದನ್ನು ನಾವೆಲ್ಲ ನೋಡಿದ್ದೇವೆ. ಕಾಗದ ಓದಲು ಬಾರದಿದ್ದರೆ ಮೋಸವಾಗುತ್ತದೆ. ಆದರೆ ಆ ಮೋಸಕ್ಕೆ ಶಿಕ್ಷೆ ಯಾರಿಗೆ? ಓದಿಸಬೇಕಾದವರು ಓದಿಸಲಿಲ್ಲ. ಈಗ ಓದಿಲ್ಲವೆಂದು ಕುರ್ಚಿಯನ್ನೂ ಕಸಿದುಕೊಂಡರೆ ಒಂದೇ ತಪ್ಪಿಗೆ ಎರಡು ಶಿಕ್ಷೆ. ಅದೂ ತಪ್ಪು ಮಾಡದವಳಿಗೆ.

1951ರ ಜನಗಣತಿಯಲ್ಲಿ ಈ ದೇಶದ ಅಕ್ಷರಸ್ಥರು ನೂರಕ್ಕೆ ಸುಮಾರು 18 ಮಂದಿ. ಆದರೂ ನಮ್ಮ ಸಂವಿಧಾನ ವಯಸ್ಕರೆಲ್ಲರಿಗೂ ಮತ ಕೊಟ್ಟಿತು, ಓದು ಬರುತ್ತದೆಯೇ ಎಂದು ಕೇಳಲಿಲ್ಲ. ನಮ್ಮ ರಾಜ್ಯದಲ್ಲಿ 1987ರ ಚುನಾವಣೆಯಲ್ಲೇ ಮಹಿಳೆಯರಿಗೆ ನೂರಕ್ಕೆ 25 ಸ್ಥಾನ ಮೀಸಲಿತ್ತು, 2010ರಲ್ಲಿ ಅದು ಅರ್ಧವಾಯಿತು. ಹರಿಯಾಣದಂಥದೇ ನಿಯಮ ತಂದಿದ್ದ ರಾಜಸ್ಥಾನ 2019ರಲ್ಲಿ ಅದನ್ನು ಕೈಬಿಟ್ಟಿತು.

ಹಾಗಾದರೆ ಎಂ.ಎ. ಯಾತಕ್ಕೆ? ನಮ್ಮ ಹುಡುಗಿ ಅಂದು ರಾತ್ರಿ ಇದನ್ನೇ ಕೇಳಿದಳು. ನನಗೆ ತೋಚಿದ್ದು ಹೇಳಿದೆ: "ಓದು ಮೇಲೆ ಕೂರುವ ಹಕ್ಕಲ್ಲ, ತೀರಿಸಬೇಕಾದ ಸಾಲ. ಇವತ್ತು ನೀನು ಓದಿ ಹೇಳಿದೆಯಲ್ಲ, ಅದಕ್ಕೇ." ಅವಳು ವಾದಿಸಲಿಲ್ಲ. ಒಪ್ಪಿದಳೆಂದೂ ಹೇಳಲಾರೆ.

ಬೆಳಿಗ್ಗೆ ಅಧ್ಯಕ್ಷೆಗೆ ಫೋನು ಮಾಡಿ, "ಬಿಟ್ಟುಕೊಡಬೇಡಮ್ಮ" ಎಂದೆ. ಪ್ರತಿ ಎರಡನೆಯ ಶನಿವಾರ ಬರಲು ಹೇಳಿದೆ. ನಡವಳಿ ಪುಸ್ತಕವನ್ನು ಮುಂದಿಟ್ಟುಕೊಂಡು ಇಬ್ಬರೂ ಕೂತೆವು. ಮೊದಲ ದಿನ ಅರ್ಧ ಪುಟವಾಯಿತು. ಇಪ್ಪತ್ತು ವರ್ಷಗಳ ಹಿಂದೆ ನಾನು ಅವಳ ಮನೆಗೆ ಹೋಗಿ ಕೇಳಿದ್ದರೆ ಇದು ಬೇಕಾಗುತ್ತಲೇ ಇರಲಿಲ್ಲ.