ಉಂಡವರ ಲೆಕ್ಕ

ಉಣ್ಣುವವರ ತಾಟಿನ ರೊಟ್ಟಿ ಎಣಿಸಬಾರದು ಎಂಬುದು ನಮ್ಮ ಕಡೆಯ ಮನೆಗಳಲ್ಲಿ ಯಾರೂ ಬರೆದಿಡದ ಕಾನೂನು. ಎಣಿಸಿದರೆ ಉಂಡದ್ದು ಮೈಗೆ ಹತ್ತುವುದಿಲ್ಲ ಎಂದು ಹಿರಿಯರು ಹೇಳುತ್ತಾರೆ. ಶಾಲೆಯ ಬಿಸಿಯೂಟಕ್ಕೆ ನಮ್ಮ ಸರ್ಕಾರ ‘ಅಕ್ಷರ ದಾಸೋಹ’ ಎಂದೇ ಹೆಸರಿಟ್ಟಿದೆ. ದಾಸೋಹವೆಂದರೆ ನೀಡುವವರು ತಾವೇ ದಾಸರೆಂದು ತಿಳಿದು ನೀಡುವುದು. ಅಲ್ಲಿ ಉಂಡವರ ಪಟ್ಟಿ ಇರುವುದಿಲ್ಲ. ಆದರೆ ಶಾಲೆಯಲ್ಲಿ ನಾವು ದಿನವೂ ಪಟ್ಟಿ ಬರೆಯುತ್ತೇವೆ. ಇಂದು ಉಂಡವರು ಎಷ್ಟು, ಅಕ್ಕಿ ಎಷ್ಟು, ಬೇಳೆ ಎಷ್ಟು? ಸರ್ಕಾರದ ಅನ್ನ ಉಂಡವರ ಲೆಕ್ಕ ಇಡುವುದು ಸರಿಯೇ? ಇಡುವುದಾದರೆ ಎಷ್ಟು ವರ್ಷ ಇಡಬೇಕು? ಅದರ ಖರ್ಚನ್ನು ಯಾರು ಹೊರಬೇಕು? ಬಿಸಿಯೂಟದ ಪುಸ್ತಕಕ್ಕೆ ಸಹಿ ಹಾಕುವಾಗೆಲ್ಲ ಈ ಪ್ರಶ್ನೆ ನನ್ನನ್ನು ಕಾಡುತ್ತದೆ.

ಚಿಕ್ಕನರಗುಂದದ ತಾಯಿಯೊಬ್ಬಳು ಒಮ್ಮೆ ನನ್ನನ್ನು ತಡೆದು ಕೇಳಿದಳು: “ಹುಡುಗರ ತೂಕ ಯಾಕ ನೋಡತಾರ ಅಕ್ಕೋರ? ರೇಷನ್ ಕಾರ್ಡ ತಗೀತಾರೇನು?” ಅವಳ ಅಂಜಿಕೆಯನ್ನು ಅಜ್ಞಾನವೆಂದು ನಾನು ತಳ್ಳಿಹಾಕಲಾರೆ. ಬಡವರ ಮನೆಗೆ ಪೆನ್ನು ಕಾಗದ ಹಿಡಿದು ಬರುವವರು ಹೆಚ್ಚಾಗಿ ಹೆಸರು ತೆಗೆಯುವುದಕ್ಕೇ ಬರುತ್ತಾರೆಂದು ಅನುಭವ ಅವರಿಗೆ ಕಲಿಸಿದೆ. ‘ನೀನು ಎಷ್ಟು ಉಂಡೆ?’ ಎಂದು ಕೇಳುವ ಲೆಕ್ಕ ಅದು. ಉಂಡವರನ್ನು ಹಂಗಿನಲ್ಲಿ ಇಡುವ ಲೆಕ್ಕ.

ಇನ್ನೊಂದು ಲೆಕ್ಕವೂ ಉಂಟು. ನನ್ನ ಅಜ್ಜಿ ಯಾರ ತಾಟಿನ ರೊಟ್ಟಿಯನ್ನೂ ಎಣಿಸಿದವಳಲ್ಲ. ಆದರೆ ಸೂಟಿಗೆ ಬಂದ ಮೊಮ್ಮಕ್ಕಳ ರಟ್ಟೆಯನ್ನು ಎರಡು ಬೆರಳಲ್ಲಿ ಹಿಡಿದು ನೋಡಿ, “ಯಾಕ ಸೊರಗೀಯವ್ವಾ?” ಎಂದು ಕೇಳದೆ ಬಿಡುತ್ತಿರಲಿಲ್ಲ. ಇಂದು ಅಂಗನವಾಡಿಯಲ್ಲಿ ಕೂಸಿನ ರಟ್ಟೆಗೆ ಬಣ್ಣದ ಪಟ್ಟಿ ಸುತ್ತಿ ಅಳೆಯುವುದೂ ಅದೇ ಕೆಲಸ. ಅಜ್ಜಿಯ ಲೆಕ್ಕದಲ್ಲಿ ಉಂಡವರು ಯಾರಿಗೂ ಉತ್ತರ ಹೇಳಬೇಕಾಗಿಲ್ಲ. ಉತ್ತರ ಹೇಳಬೇಕಾದವರು ಉಣಿಸಿದವರು.

ಈ ಎರಡನೆಯ ಲೆಕ್ಕದಿಂದ ಏನಾಗುತ್ತದೆ ಎಂಬುದಕ್ಕೆ ನಮ್ಮ ಗದಗ ಜಿಲ್ಲೆಯೇ ಸಾಕ್ಷಿ. 2021ರ ಡಿಸೆಂಬರಿನಲ್ಲಿ ಸರ್ಕಾರ ಬೀದರ, ಕಲಬುರ್ಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯಪುರ ಈ ಏಳು ಜಿಲ್ಲೆಗಳ ಶಾಲೆಗಳಲ್ಲಿ ಬಿಸಿಯೂಟದೊಂದಿಗೆ ಮೊಟ್ಟೆ ಕೊಡತೊಡಗಿತು. ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು. ಗದಗ ಆ ಪಟ್ಟಿಯಲ್ಲಿ ಇರಲಿಲ್ಲ. ಗದುಗಿನಲ್ಲಿಯೇ ಇರುವ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯದವರು ಮೊಟ್ಟೆ ತಿಂದ ಯಾದಗಿರಿಯ ಮಕ್ಕಳನ್ನೂ ತಿನ್ನದ ಗದಗ ಜಿಲ್ಲೆಯ ಮಕ್ಕಳನ್ನೂ ಅಳೆದು ಹೋಲಿಸಿದರು. ಎಂಟನೆಯ ತರಗತಿಯ ಹುಡುಗಿಯರಲ್ಲಿ ತೂಕದ ಏರಿಕೆ ಯಾದಗಿರಿಯಲ್ಲಿ ನಮ್ಮಲ್ಲಿಗಿಂತ ಶೇಕಡಾ 71ರವರೆಗೆ ಹೆಚ್ಚು ಎಂದು ವರದಿಯಾಯಿತು.

ತಿನ್ನದವರ ಸಾಲಿನಲ್ಲಿ ನಿಂತದ್ದು ನಮ್ಮ ಹುಡುಗಿಯರು. ಇದು ನ್ಯಾಯವೇ ಎಂದು ನೀವು ಕೇಳಬಹುದು. ನನಗೂ ಮೊದಲು ಹೊಟ್ಟೆಯಲ್ಲಿ ಸಂಕಟವಾಯಿತು. ಯೋಚಿಸಿದಾಗ ತಿಳಿದದ್ದು ಇಷ್ಟು: ಅಳೆಯುವುದಕ್ಕಾಗಿ ಅವರಿಗೆ ಮೊಟ್ಟೆ ತಪ್ಪಿಸಲಿಲ್ಲ; ಅದು ಮೊದಲೇ ಅವರಿಗೆ ಇರಲಿಲ್ಲ. ಅಳೆದದ್ದರಿಂದ ಆ ಇಲ್ಲದಿರುವಿಕೆ ಎಲ್ಲರ ಕಣ್ಣಿಗೆ ಬಿತ್ತು. 2022ರಲ್ಲಿ ಮೊಟ್ಟೆ ರಾಜ್ಯದ ಎಲ್ಲ ಜಿಲ್ಲೆಗಳಿಗೂ ಬಂತು. 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ನಿನ ನೆರವಿನಿಂದ ವಾರದ ಆರೂ ದಿನಕ್ಕೆ ವಿಸ್ತರಿಸಿತು. ‘ಅಳೆಯುವವರಿಗೆ ಕೊಡುವ ದುಡ್ಡಿನಲ್ಲಿ ಇನ್ನಷ್ಟು ಮೊಟ್ಟೆ ಕೊಳ್ಳಬಹುದಿತ್ತಲ್ಲ’ ಎನ್ನುವವರು ಇದನ್ನು ನೆನೆಯಬೇಕು. ಮೊಟ್ಟೆ ಬೇಕೇ ಬೇಡವೇ ಎಂದು ವೇದಿಕೆಗಳ ಮೇಲೆ ಜಗಳ ನಡೆದಿದ್ದಾಗ, ತಕ್ಕಡಿಯ ಮಾತಿಗೆ ಒಂದು ತೂಕವಿತ್ತು.

ಆದರೆ ಕೆಲವು ತಿಂಗಳ ತೂಕ ನೋಡಿ ಪುಸ್ತಕ ಮುಚ್ಚಿದರೆ ಸಾಕೇ? ಹೆಣ್ಣುಮಕ್ಕಳ ವಿಷಯದಲ್ಲಂತೂ ಸಾಲದು. ಅವರು ಉಂಡದ್ದು ಅವರೊಬ್ಬರ ಮೈಯಲ್ಲಿಯೇ ಉಳಿಯುವುದಿಲ್ಲ. 2021ರಲ್ಲಿ ಪ್ರಕಟವಾದ ಒಂದು ಅಧ್ಯಯನ 1993ರಿಂದ 2016ರವರೆಗಿನ ದೇಶದ ಸಮೀಕ್ಷೆಗಳನ್ನು ಕೂಡಿಸಿ ನೋಡಿತು. ಶಾಲೆಯಲ್ಲಿ ಮಧ್ಯಾಹ್ನದ ಊಟ ಸಿಕ್ಕ ಹುಡುಗಿಯರು ಮುಂದೆ ತಾಯಂದಿರಾದಾಗ ಅವರ ಮಕ್ಕಳ ಎತ್ತರದ ಬೆಳವಣಿಗೆ ಉತ್ತಮವಾಗಿತ್ತು. ಅಡುಗೆಯ ಅಕ್ಕ ಅಂದು ಬಡಿಸಿದ ಸಾರು ಮೊಮ್ಮಗಳ ಮೂಳೆಯವರೆಗೆ ಹೋಯಿತು ಎಂದಂತಾಯಿತಲ್ಲವೇ! ಇಪ್ಪತ್ತು ವರ್ಷ ಹಿಂದೆ ಯಾರೋ ಮನೆಮನೆ ತಿರುಗಿ ಬರೆದಿಟ್ಟ ಅಂಕಿಗಳಿರದಿದ್ದರೆ ಇದು ತಿಳಿಯುತ್ತಲೇ ಇರಲಿಲ್ಲ.

ಇಂಥ ಕೆಲಸಕ್ಕೆ ನಮ್ಮ ದೇಶದಲ್ಲಿ ಒಂದು ವ್ಯವಸ್ಥೆಯೇ ಇತ್ತು. 1972ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ರಾಷ್ಟ್ರೀಯ ಪೌಷ್ಟಿಕತೆ ನಿಗಾ ಕೇಂದ್ರವನ್ನು ಹೈದರಾಬಾದಿನ ಪೌಷ್ಟಿಕತಾ ಸಂಸ್ಥೆಯಲ್ಲಿ ಆರಂಭಿಸಿತು. ಕರ್ನಾಟಕವೂ ಸೇರಿ ಹತ್ತು ರಾಜ್ಯಗಳ ಹಳ್ಳಿಗಳಲ್ಲಿ ಅದರ ಸಿಬ್ಬಂದಿ ಅಡುಗೆಮನೆಗೇ ಹೋಗಿ, ಹಿಂದಿನ ದಿನ ಮನೆಮಂದಿ ಏನೇನು ಉಂಡರೆಂದು ಕೇಳಿ ಬರೆದುಕೊಳ್ಳುತ್ತಿದ್ದರು. ಎತ್ತರ, ತೂಕ ಅಳೆಯುತ್ತಿದ್ದರು. ನಾಲ್ಕು ದಶಕ ನಡೆದ ಆ ಕೇಂದ್ರ 2015ರಲ್ಲಿ ಮುಚ್ಚಿತು. ಊಟದ ಯೋಜನೆ ನಿಂತರೆ ಜನ ಬೀದಿಗಿಳಿದು ಕೇಳುತ್ತಾರೆ. ಉಂಡವರ ಲೆಕ್ಕ ನಿಂತರೆ ಕೇಳುವವರಿಲ್ಲ. ಇದರ ಫಲ ಒಂದು ಚುನಾವಣೆಯ ಅವಧಿಯಲ್ಲಿ ಕೈಗೆ ಬರುವಂಥದಲ್ಲ. ಆದ್ದರಿಂದ ವ್ಯಾಪಾರಿಗೂ ಬೇಡ, ರಾಜಕಾರಣಿಗೂ ಅವಸರವಿಲ್ಲ. ಅದಕ್ಕೇ ಇದು ಸರ್ಕಾರವೇ ಹೊರಬೇಕಾದ ಖರ್ಚು, ಮತ್ತು ವರ್ಷಕ್ಕೊಮ್ಮೆ ಬೇಡಿ ಪಡೆಯಬೇಕಾಗದ ಖರ್ಚು.

ಅಳೆಸಿಕೊಂಡವರಿಗೂ ಋಣ ಸಲ್ಲಬೇಕು. ಅವರ ಹೆಸರು ಹೊರಗೆ ಬರಬಾರದು. ಅಳತೆಯ ನೆಪದಲ್ಲಿ ಯಾರ ಕಾರ್ಡಿಗೂ ಕೈಹಾಕಬಾರದು. ಕಂಡದ್ದನ್ನು ಅದೇ ಊರಿಗೆ ಬಂದು, ಆ ತಾಯಂದಿರಿಗೆ ತಿಳಿಯುವ ಮಾತಿನಲ್ಲಿ ಹೇಳಬೇಕು. ಇಷ್ಟಿದ್ದರೆ ಚಿಕ್ಕನರಗುಂದದ ಆ ತಾಯಿಗೆ, ಮಗಳನ್ನು ತಕ್ಕಡಿಯ ಮೇಲೆ ನಿಲ್ಲಿಸವ್ವಾ ಎಂದು ನಾನು ನೆಟ್ಟಗೆ ಹೇಳಬಲ್ಲೆ.

ಅಂದು ಎಂಟನೆಯ ತರಗತಿಯಲ್ಲಿದ್ದ ನಮ್ಮ ಜಿಲ್ಲೆಯ ಹುಡುಗಿಯರು ಈಗ ಹದಿನೆಂಟರ ಆಸುಪಾಸಿಗೆ ಬಂದಿದ್ದಾರೆ. ಇನ್ನು ಕೆಲವೇ ವರ್ಷಗಳಲ್ಲಿ ಅವರ ಮಡಿಲಲ್ಲಿ ಕೂಸುಗಳಿರುತ್ತವೆ. ನೀಡಿದವರು ಆ ಕೂಸುಗಳನ್ನೂ ಒಮ್ಮೆ ಬಂದು ನೋಡಬೇಕು.